ಗೆದ್ದದ್ದು ಸರಿ, ಎದುರಿಗೆ ನಿಲ್ಲಿಸಿದ್ದು ಯಾರನ್ನ? ಬಾಕ್ಸಿಂಗ್‌ನಲ್ಲಿ ‘ಜೋಡಿ ಕಟ್ಟೋ’ ಲೆಕ್ಕಾಚಾರ

ಬಳ್ಳಾರಿ: 2025ರ ಜನವರಿ 25ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ನಿಶಾಂತ್ ದೇವ್ ತಮ್ಮ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದರು. ಮೊದಲ ಸುತ್ತು ಮುಗಿಯೋಕೆ ಇನ್ನೂ ಕೆಲವು ಸೆಕೆಂಡು ಇರುವಾಗಲೇ ರೆಫರಿ ಮಧ್ಯೆ ಬಂದು ಪಂದ್ಯ ನಿಲ್ಲಿಸಿದರು. ನಿಶಾಂತ್ ಗೆದ್ದರು. ಭಾರತದ ಹುಡುಗ ಅಮೆರಿಕದಲ್ಲಿ ಒಂದೇ ಸುತ್ತಿನಲ್ಲಿ ಎದುರಾಳಿಯನ್ನ ಮುಗಿಸಿದ ಅಂತ ಮೊಬೈಲ್‌ನಿಂದ ಮೊಬೈಲ್‌ಗೆ ವಿಡಿಯೋ ಓಡಾಡಿತು.

ಆ ಖುಷಿಯಲ್ಲಿ ಬಳ್ಳಾರಿ ಜಿಲ್ಲೆಗೂ ಒಂದು ಪಾಲಿದೆ. ನಿಶಾಂತ್ ಹರಿಯಾಣದ ಕರ್ನಾಲ್‌ನವರು. ಆದರೆ ಅವರ ಹೆಸರು ದೊಡ್ಡದಾಗಿದ್ದು ಇಲ್ಲಿಂದ. 2021ರ ಸೆಪ್ಟೆಂಬರ್‌ನಲ್ಲಿ ತೋರಣಗಲ್ಲು ಪಕ್ಕದ ಜಿಂದಾಲ್ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ರಾಷ್ಟ್ರೀಯ ಪುರುಷರ ಬಾಕ್ಸಿಂಗ್ ಚಾಂಪಿಯನ್‌ಶಿಪ್ ನಡೆದಾಗ, 71 ಕೆ.ಜಿ. ವಿಭಾಗದಲ್ಲಿ ಕರ್ನಾಟಕದ ಪರವಾಗಿ ಆಡಿ ಚಿನ್ನ ಗೆದ್ದವರು ಇವರೇ. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಬಂತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ವರೆಗೂ ಹೋದರು. ಆಮೇಲೆ ಇಂಗ್ಲೆಂಡಿನ ಎಡ್ಡಿ ಹರ್ನ್ ಅವರ ಮ್ಯಾಚ್‌ರೂಮ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ವೃತ್ತಿಪರ ಬಾಕ್ಸಿಂಗ್‌ಗೆ ಇಳಿದರು.

ಎಲ್ಲಾ ಸರಿ. ಆದರೆ ಜನವರಿಯ ಸಂಭ್ರಮದಲ್ಲಿ ಯಾರೂ ಅಷ್ಟಾಗಿ ಕೇಳದ ಪ್ರಶ್ನೆ ಒಂದಿತ್ತು. ಅಂದು ಎದುರಿಗೆ ನಿಂತಿದ್ದ ಆಲ್ಟನ್ ವಿಗ್ಗಿನ್ಸ್ ಯಾರು? ಅಷ್ಟೊಂದು ಬಾಕ್ಸರ್‌ಗಳಿರೋ ಅಮೆರಿಕದಲ್ಲಿ ಅವರನ್ನೇ ಯಾಕೆ ಕರೆತಂದರು?

ವಿಗ್ಗಿನ್ಸ್ ಅದಕ್ಕೂ ಮೊದಲು ಆಡಿದ್ದು ಮೂರೇ ವೃತ್ತಿಪರ ಪಂದ್ಯ. ಒಂದು ಗೆಲುವು, ಒಂದು ಸೋಲು, ಒಂದು ಡ್ರಾ. ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ಆಡಿದವರ ಎದುರು ಇಂಥವರನ್ನ ನಿಲ್ಲಿಸಿದ್ದು ಆಕಸ್ಮಿಕ ಅಲ್ಲ, ಮೋಸವೂ ಅಲ್ಲ. ಅದೊಂದು ಲೆಕ್ಕ. ವೃತ್ತಿಪರ ಬಾಕ್ಸಿಂಗ್ ನಡೆಯೋದೇ ಈ ಲೆಕ್ಕದ ಮೇಲೆ.

ಅಲ್ಲಿ ಚೀಟಿ, ಇಲ್ಲಿ ಜೋಡಿ

ಒಲಿಂಪಿಕ್ಸ್ ಅಥವಾ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯನ್ನ ನಿರ್ಧರಿಸೋದು ಡ್ರಾ. ಅಂದರೆ ಚೀಟಿ ಎತ್ತಿದ ಹಾಗೆ. ಪ್ಯಾರಿಸ್‌ನಲ್ಲಿ ನಿಶಾಂತ್‌ಗೆ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೋದ ಮಾರ್ಕೊ ವೆರ್ಡೆ ಸಿಕ್ಕರು. ‘ಇವರು ಬೇಡ, ಇನ್ನೊಬ್ಬರನ್ನ ಕೊಡಿ’ ಅಂತ ಕೇಳೋ ಹಾಗಿಲ್ಲ. ನಿಶಾಂತ್ ಸೋತರು, ವೆರ್ಡೆ ಕೊನೆಗೆ ಬೆಳ್ಳಿ ಗೆದ್ದರು. ಪದಕಕ್ಕೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ ಅಂಥವರೇ ಎದುರಾದರು.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಚೀಟಿ ಇಲ್ಲ. ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೈಸೂರು ದಸರಾ ಕುಸ್ತಿಗೂ ಮೊದಲು ‘ಜೋಡಿ ಕಟ್ಟೋ’ ಕಾರ್ಯಕ್ರಮ ಇರುತ್ತೆ. ಪೈಲ್ವಾನರ ಮೈಕಟ್ಟು, ತೂಕ, ಅನುಭವ ನೋಡಿ ಹಿರಿಯರು ಇವನಿಗೆ ಅವನು ಅಂತ ಜೋಡಿ ಮಾಡ್ತಾರೆ. ಅಲ್ಲಿ ಜೋಡಿ ಸಮ ಇರಬೇಕು ಅನ್ನೋದೇ ಮುಖ್ಯ. ಸಮ ಇಲ್ಲದ ಜೋಡಿ ಕಟ್ಟಿದರೆ ನೋಡೋಕೆ ಬಂದ ಜನ ಅಖಾಡದಲ್ಲೇ ಕೂಗಾಡ್ತಾರೆ.

ವೃತ್ತಿಪರ ಬಾಕ್ಸಿಂಗ್‌ನಲ್ಲೂ ಜೋಡಿ ಕಟ್ಟೋರು ಇದ್ದಾರೆ. ಮ್ಯಾಚ್‌ಮೇಕರ್ ಅಂತ ಅವರ ಹೆಸರು. ವ್ಯತ್ಯಾಸ ಏನಂದ್ರೆ, ಈ ಮ್ಯಾಚ್‌ಮೇಕರ್‌ಗೆ ಸಂಬಳ ಕೊಡೋದು ಪ್ರಮೋಟರ್. ಇಬ್ಬರು ಬಾಕ್ಸರ್‌ಗಳ ಪೈಕಿ ಒಬ್ಬರ ಜೊತೆ ಆ ಪ್ರಮೋಟರ್ ವರ್ಷಗಟ್ಟಲೆ ಒಪ್ಪಂದ ಮಾಡಿಕೊಂಡಿರ್ತಾರೆ, ದುಡ್ಡು ಹಾಕಿರ್ತಾರೆ. ಇನ್ನೊಬ್ಬರು ಆ ಒಂದು ರಾತ್ರಿಗೆ ಬಂದು ಹೋಗೋರು. ಹಾಗಾಗಿ ಜೋಡಿ ಸಮ ಇರಬೇಕು ಅನ್ನೋದು ಇಲ್ಲಿ ಮೊದಲ ಮಾತಲ್ಲ. ನಮ್ಮ ಹುಡುಗನಿಗೆ ಈ ಹಂತದಲ್ಲಿ ಯಾರು ಬೇಕು ಅನ್ನೋದು ಮೊದಲ ಮಾತು.

ಮ್ಯಾಚ್‌ಮೇಕರ್ ಏನೇನು ನೋಡ್ತಾರೆ?

ಬರೀ ಗೆಲುವು ಸೋಲಿನ ಸಂಖ್ಯೆ ನೋಡಿ ಎದುರಾಳಿ ಆರಿಸ್ತಾರೆ ಅಂದುಕೊಂಡರೆ ತಪ್ಪು. ಪ್ರತಿ ವೃತ್ತಿಪರ ಬಾಕ್ಸರ್‌ನ ಪಂದ್ಯಗಳ ವಿವರ ಬಾಕ್ಸ್‌ರೆಕ್ ಅನ್ನೋ ಜಾಲತಾಣದಲ್ಲಿ ಸಿಗುತ್ತೆ. ಅದನ್ನ ಯಾರು ಬೇಕಾದ್ರೂ ನೋಡಬಹುದು. ಮ್ಯಾಚ್‌ಮೇಕರ್ ಅದನ್ನ ಸಾಲು ಸಾಲಾಗಿ ಓದ್ತಾರೆ.

ಸೋತಿದ್ದು ಯಾರ ಎದುರು? ಅಂಕದಲ್ಲಿ ಸೋತರಾ, ನೆಲಕ್ಕೆ ಬಿದ್ದು ಸೋತರಾ? ಕೊನೆಯ ಪಂದ್ಯ ಆಡಿ ಎಷ್ಟು ತಿಂಗಳಾಯ್ತು? ಸಾಮಾನ್ಯವಾಗಿ ಯಾವ ತೂಕದಲ್ಲಿ ಆಡ್ತಾರೆ, ಈಗ ಒಂದು ವಿಭಾಗ ಮೇಲಕ್ಕೆ ಬಂದು ಆಡಬೇಕಾಗುತ್ತಾ? ಎಡಗೈ ಬಾಕ್ಸರಾ? ಎತ್ತರ ಎಷ್ಟು? ಮುನ್ನುಗ್ಗಿ ಬರ್ತಾರಾ, ಹಿಂದೆ ಸರಿದು ಆಡ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಏಟಿಗೆ ಮಲಗಿಸೋ ಶಕ್ತಿ ಇದೆಯಾ? ಅಂಕದಲ್ಲಿ ಹಿಂದೆ ಬಿದ್ದರೂ ಕೊನೇ ಸುತ್ತಿನಲ್ಲಿ ಒಂದು ಏಟು ಹಾಕಿ ಎಲ್ಲಾ ಲೆಕ್ಕ ಉಲ್ಟಾ ಮಾಡೋರು ಇರ್ತಾರೆ. ಅಂಥವರನ್ನ ಬೆಳೆಯೋ ಹುಡುಗನ ಹತ್ತಿರ ಬೇಗ ಬಿಡಲ್ಲ.

ಒಬ್ಬರ ಹೆಸರಿನ ಮುಂದೆ 10 ಸೋಲು ಇದ್ದರೂ ಅವರು ಅಪಾಯದ ಎದುರಾಳಿ ಆಗಿರಬಹುದು. ಹತ್ತೂ ಒಳ್ಳೊಳ್ಳೆಯವರ ಎದುರು, ಪೂರ್ತಿ ಸುತ್ತು ಆಡಿ ಸೋತಿದ್ದರೆ ಮ್ಯಾಚ್‌ಮೇಕರ್ ಎಚ್ಚರ ಆಗ್ತಾರೆ. ಒಂದೂ ಸೋಲಿಲ್ಲದವರ 10 ಗೆಲುವೂ ದುರ್ಬಲರ ಎದುರೇ ಬಂದಿದ್ದರೆ ಅದಕ್ಕೆ ಅವರು ಬೆಲೆ ಕೊಡಲ್ಲ. ಪೋಸ್ಟರ್ ನೋಡೋ ಜನರಿಗೆ ಕಾಣೋದು ಮಾತ್ರ ಆ ‘ಸೋಲಿಲ್ಲದ’ ಸಂಖ್ಯೆ. ವ್ಯಾಪಾರ ನಡೆಯೋದು ಈ ಅಂತರದಲ್ಲಿ.

ವಿಜೇಂದರ್ ಏರಿದ ಮೆಟ್ಟಿಲು

ಈ ಲೆಕ್ಕ ನೋಡೋಕೆ ಭಾರತದಲ್ಲೇ ಒಳ್ಳೆ ಉದಾಹರಣೆ ಇದೆ. ಬೀಜಿಂಗ್ ಒಲಿಂಪಿಕ್ಸ್ ಕಂಚು ವಿಜೇತ ವಿಜೇಂದರ್ ಸಿಂಗ್ 2015ರಲ್ಲಿ ಇಂಗ್ಲೆಂಡಿನ ಫ್ರಾಂಕ್ ವಾರನ್ ಅವರ ಕ್ವೀನ್ಸ್‌ಬೆರಿ ಪ್ರಮೋಷನ್ಸ್ ಸೇರಿದರು. ಆಗ ಅವರಿಗೆ 29 ವರ್ಷ. ಬಾಕ್ಸರ್ ಲೆಕ್ಕದಲ್ಲಿ ಚಿಕ್ಕ ವಯಸ್ಸಲ್ಲ. ಆದರೂ ವೃತ್ತಿಪರ ಬಾಕ್ಸಿಂಗ್‌ಗೆ ಹೊಸಬರೇ.

2015ರ ಅಕ್ಟೋಬರ್ 10ರಂದು ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪಂದ್ಯ. ಎದುರಾಳಿ ಸನ್ನಿ ವೈಟಿಂಗ್, ಆವರೆಗೆ ಆಡಿದ್ದು ಮೂರೇ ಪಂದ್ಯ. ಮೂರನೇ ಸುತ್ತಿನಲ್ಲಿ ಮುಗೀತು. ಎರಡನೇ ಪಂದ್ಯ ಡಬ್ಲಿನ್‌ನಲ್ಲಿ, ಎದುರಾಳಿ ಡೀನ್ ಗಿಲನ್. ಅವರದ್ದು ಅಗ್ನಿಶಾಮಕ ದಳದ ಕೆಲಸ. ಒಂದೇ ಸುತ್ತು. ನಾಲ್ಕನೇ ಪಂದ್ಯಕ್ಕೆ ಬಂದ ಹಂಗೇರಿಯ ಅಲೆಕ್ಸಾಂಡರ್ ಹೊರ್ವಾತ್, ಹಾವಿನ ರಕ್ತ ಕುಡಿದು ತಯಾರಾಗ್ತಿದ್ದೀನಿ ಅಂತ ಹೇಳಿಕೊಂಡು ಸುದ್ದಿ ಆದರು. ಮೂರು ಸುತ್ತಿನಲ್ಲಿ ಅವರೂ ಸೋತರು. ಎದುರಾಳಿ ಗೆಲ್ಲದೇ ಇದ್ದರೂ ಟಿಕೆಟ್ ಮಾರೋಕೆ ಒಂದು ಕಥೆ ತಂದರೆ ಸಾಕು ಅನ್ನೋದಕ್ಕೆ ಇದು ಸಾಕ್ಷಿ.

2016ರ ಮೇ ಹೊತ್ತಿಗೆ, ಅಂದರೆ ಏಳೇ ತಿಂಗಳಲ್ಲಿ ಆರು ಪಂದ್ಯ. ಆರರಲ್ಲೂ ಎದುರಾಳಿ ಕೊನೆ ಸುತ್ತಿನವರೆಗೆ ನಿಲ್ಲಲಿಲ್ಲ. ಆಮೇಲೆ 2016ರ ಜುಲೈ 16ರಂದು ದಿಲ್ಲಿಯಲ್ಲಿ ಕೆರ್ರಿ ಹೋಪ್ ಎದುರು ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಸೂಪರ್ ಮಿಡಲ್‌ವೇಟ್ ಬೆಲ್ಟ್‌ಗಾಗಿ 10 ಸುತ್ತಿನ ಪಂದ್ಯ. ಹೋಪ್ 2012ರಲ್ಲಿ ಯುರೋಪಿಯನ್ ಚಾಂಪಿಯನ್ ಆಗಿದ್ದವರು. ಹೆಸರಿತ್ತು, ಅನುಭವ ಇತ್ತು, ಆದರೆ ಅವರ ಒಳ್ಳೇ ದಿನಗಳು ಹಿಂದೆ ಉಳಿದಿದ್ದವು. ವಿಜೇಂದರ್ ಅಂಕದ ಮೇಲೆ ಸುಲಭವಾಗಿ ಗೆದ್ದರು.

ಇಲ್ಲಿ ಮೆಟ್ಟಿಲು ಹೇಗೆ ಇಟ್ಟಿದ್ದಾರೆ ನೋಡಿ. ಮೊದಲು ಹೊಸಬರು. ಆಮೇಲೆ ಸ್ವಲ್ಪ ಅನುಭವಿಗಳು. ಆಮೇಲೆ ‘ಮಾಜಿ ಚಾಂಪಿಯನ್’ ಅಂತ ಪೋಸ್ಟರ್‌ನಲ್ಲಿ ಹಾಕಿಕೊಳ್ಳಬಹುದಾದ, ಆದರೆ ಇಳಿಮುಖದಲ್ಲಿರೋ ಹೆಸರು.

ಈ ಏಣಿಯಲ್ಲಿ ನಿಜವಾಗಿ ಗಟ್ಟಿ ಮೆಟ್ಟಿಲು ಬಂದಿದ್ದು 2017ರ ಆಗಸ್ಟ್ 5ರಂದು, ಮುಂಬೈನಲ್ಲಿ. ಚೀನಾದ ಜುಲ್ಪಿಕರ್ ಮೈಮೈತಿಅಲಿ ವಯಸ್ಸಿನಲ್ಲಿ ಚಿಕ್ಕವರು, ಆವರೆಗೆ ಸೋತಿರಲಿಲ್ಲ, ಸೋಲೋಕೆ ಅಂತ ಬಂದವರೂ ಅಲ್ಲ. ವಿಜೇಂದರ್ ಗೆದ್ದರು, ಆದರೆ ತೀರ್ಪುಗಾರರ ಅಂಕ 96-93, 95-94, 95-94. ಕೂದಲೆಳೆ ಅಂತರ. ಎದುರಾಳಿ ಬದಲಾದ ಕೂಡಲೇ ಗೆಲುವಿನ ಬಣ್ಣವೂ ಬದಲಾಯ್ತು.

ಸುಲಭ ಪಂದ್ಯ ಬೇಕೇ ಬೇಕಾ?

ಹಾಗಾದ್ರೆ ಇದೆಲ್ಲಾ ನಾಟಕನಾ? ಪೂರ್ತಿ ಅಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಮೂರು ಸುತ್ತು. ವೃತ್ತಿಪರ ವಿಶ್ವ ಪಟ್ಟಕ್ಕೆ 12 ಸುತ್ತು. ಗ್ಲೌಸ್ ಬೇರೆ, ವೇಗ ಬೇರೆ, ಉಸಿರು ಉಳಿಸಿಕೊಳ್ಳೋ ರೀತಿ ಬೇರೆ. ಇದನ್ನ ಕಲಿಯೋಕೆ ಪಂದ್ಯಗಳೇ ಬೇಕು. ಮೊದಲ ದಿನವೇ ಚಾಂಪಿಯನ್ ಎದುರು ನಿಲ್ಲಿಸಿದರೆ ಕಲಿಯೋಕೆ ಮೊದಲೇ ಹುಡುಗ ಮುಗಿದುಹೋಗ್ತಾನೆ.

ಒಳ್ಳೇ ಮ್ಯಾಚ್‌ಮೇಕರ್ ಪ್ರತಿ ಎದುರಾಳಿಯನ್ನೂ ಒಂದು ಪಾಠದ ಥರ ಆರಿಸ್ತಾರೆ. ಒಬ್ಬರು ಎಡಗೈಯವರು. ಇನ್ನೊಬ್ಬರು ಎತ್ತರದವರು. ಮತ್ತೊಬ್ಬರು ತಬ್ಬಿಹಿಡಿದು ಬೇಸರ ತರಿಸೋರು. ಮೈಕ್ ಟೈಸನ್ 1985ರಲ್ಲಿ, ಒಂದೇ ವರ್ಷದಲ್ಲಿ 15 ಪಂದ್ಯ ಆಡಿ ಹದಿನೈದನ್ನೂ ನಾಕೌಟ್‌ನಲ್ಲಿ ಗೆದ್ದರು. ಜನರಿಗೆ ನೆನಪಿರೋದು ಆ ನಾಕೌಟ್‌ಗಳು. ಆದರೆ 1986ರ ಮೇ ತಿಂಗಳಲ್ಲಿ ಜೇಮ್ಸ್ ಟಿಲ್ಲಿಸ್ ಅನ್ನೋ ಅನುಭವಿ 10 ಸುತ್ತೂ ಟೈಸನ್ ಎದುರು ನಿಂತರು. ಟೈಸನ್ ಅಂಕದಲ್ಲಿ ಗೆದ್ದರು. ತನ್ನ ಏಟಿಗೂ ಬೀಳದವರು ಇದ್ದಾರೆ, ಆಗ ಏನು ಮಾಡಬೇಕು ಅನ್ನೋ ಪಾಠ ಅವತ್ತು ಸಿಕ್ಕಿತು. ಅದೇ ವರ್ಷದ ನವೆಂಬರ್‌ನಲ್ಲಿ, 20ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

ಹಾಗಾಗಿ ಮೊದಲ ಐದಾರು ಪಂದ್ಯ ಸುಲಭ ಇದ್ದರೆ ತಪ್ಪು ಹುಡುಕಬೇಕಾಗಿಲ್ಲ. ಹದಿನೈದು ಇಪ್ಪತ್ತು ಪಂದ್ಯ ಆದಮೇಲೂ ಅದೇ ಮಟ್ಟದ ಎದುರಾಳಿಗಳೇ ಬರ್ತಿದ್ದರೆ ಮಾತ್ರ ಅನುಮಾನ ಪಡಬೇಕು. ಆಗ ನಡೀತಿರೋದು ಬಾಕ್ಸರ್ ತಯಾರಿ ಅಲ್ಲ, ಬರೀ ಸಂಖ್ಯೆ ತಯಾರಿ.

ಇನ್ನೊಂದು ಮೂಲೆಯವರ ಕಥೆ

ಈಗ ರಿಂಗ್‌ನ ಇನ್ನೊಂದು ಮೂಲೆಗೆ ಬರೋಣ. ಇಂಗ್ಲೆಂಡಿನಲ್ಲಿ ‘ಜರ್ನಿಮನ್’ ಅಂತ ಕರೆಯೋ ಒಂದು ವರ್ಗವೇ ಇದೆ. ನಮ್ಮ ಭಾಷೆಯಲ್ಲಿ ದಿನಗೂಲಿ ಬಾಕ್ಸರ್ ಅನ್ನಬಹುದು. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಇದರಲ್ಲಿ ಹೆಸರುವಾಸಿ. 2008ರಲ್ಲಿ ನಿವೃತ್ತಿ ಆದಾಗ ಅವರ ಲೆಕ್ಕ: 300 ಪಂದ್ಯ, 32 ಗೆಲುವು, 256 ಸೋಲು, 12 ಡ್ರಾ. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಬೆಳೆಯೋ ಹಂತದಲ್ಲಿ ಇವರ ಎದುರು ಎರಡು ಸಲ ಆಡಿದ್ದರು.

256 ಸಲ ಸೋತವರಿಗೆ ಮತ್ತೆ ಮತ್ತೆ ಕರೆ ಯಾಕೆ ಬಂತು? ಯಾಕಂದ್ರೆ ಅವರ ಕೆಲಸವೇ ಅದಾಗಿತ್ತು. ಕೊನೇ ಗಳಿಗೆಯಲ್ಲಿ ಫೋನ್ ಬಂದರೂ ಹೊರಡೋದು. ಎದುರಿನ ಹುಡುಗನಿಗೆ ನಾಲ್ಕೋ ಆರೋ ಸುತ್ತು ಸರಿಯಾಗಿ ಕೆಲಸ ಕೊಡೋದು. ತಾವೂ ಹೆಚ್ಚು ಪೆಟ್ಟು ತಿನ್ನದೆ, ದುಡ್ಡು ತಗೊಂಡು ಮನೆಗೆ ಹೋಗೋದು. ಇಂಗ್ಲೆಂಡಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿ ಸೋತರೆ ಕನಿಷ್ಠ 28 ದಿನ ಆಡೋ ಹಾಗಿಲ್ಲ. ದಿನಗೂಲಿ ಬಾಕ್ಸರ್‌ಗೆ ಅದು 28 ದಿನದ ಕೂಲಿ ಹೋದ ಹಾಗೆ. ಅದಕ್ಕೇ ಅವರು ಗೆಲ್ಲೋದಕ್ಕಿಂತ ಬೀಳದೇ ಇರೋದನ್ನ ಚೆನ್ನಾಗಿ ಕಲಿತಿರ್ತಾರೆ.

ಸೋಲು ಅಂತ ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಸಣ್ಣ ಸಭಾಂಗಣಗಳ ಪಂದ್ಯಗಳಲ್ಲಿ ಟಿಕೆಟ್ ಮಾರೋದು ಸ್ಥಳೀಯ ಬಾಕ್ಸರ್. ಅವರ ನೆಂಟರು, ಗೆಳೆಯರು, ಓಣಿಯವರು ಬಂದು ಕೂತಿರ್ತಾರೆ. ಎಷ್ಟೋ ಸಲ ಎದುರಾಳಿಯ ಸಂಭಾವನೆಯೂ ಆ ಟಿಕೆಟ್ ದುಡ್ಡಿನಿಂದಲೇ ಹುಟ್ಟಬೇಕು. ಅಂಥ ಕಡೆ ಹೊರಗಿನಿಂದ ಬಂದವರು ಸ್ಥಳೀಯ ಹುಡುಗರನ್ನ ಮೇಲಿಂದ ಮೇಲೆ ನೆಲಕ್ಕೆ ಕೆಡವಿದರೆ ಮುಂದಿನ ವಾರ ಅವರ ಫೋನ್ ರಿಂಗ್ ಆಗಲ್ಲ. ಮ್ಯಾಚ್ ಫಿಕ್ಸಿಂಗ್ ಅನ್ನೋಕೆ ಆಗಲ್ಲ, ಆದರೆ ವ್ಯವಸ್ಥೆ ಯಾವ ಕಡೆ ವಾಲಿದೆ ಅಂತ ಎಲ್ಲರಿಗೂ ಗೊತ್ತು.

ಲೆಕ್ಕ ತಪ್ಪಿದಾಗ

ಎಷ್ಟೇ ಅಳೆದು ತೂಗಿದರೂ ಕೆಲವೊಮ್ಮೆ ಲೆಕ್ಕ ತಪ್ಪುತ್ತೆ. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೇ ಬೆಳ್ಳಿ ಗೆದ್ದ ಇಂಗ್ಲೆಂಡಿನ ಅಮೀರ್ ಖಾನ್ 18 ಪಂದ್ಯ ಸೋಲಿಲ್ಲದೆ ಬಂದಿದ್ದರು. 2008ರ ಸೆಪ್ಟೆಂಬರ್ 6ರಂದು ಮ್ಯಾಂಚೆಸ್ಟರ್‌ನಲ್ಲಿ ಕೊಲಂಬಿಯಾದ ಬ್ರೇಡಿಸ್ ಪ್ರೆಸ್ಕಾಟ್‌ರನ್ನ ಎದುರಿಗೆ ನಿಲ್ಲಿಸಿದರು. ಪ್ರೆಸ್ಕಾಟ್ ಹೆಸರು ಇಂಗ್ಲೆಂಡಿನಲ್ಲಿ ಯಾರಿಗೂ ಅಷ್ಟು ಗೊತ್ತಿರಲಿಲ್ಲ. ಆದರೆ ಅವರೂ ಸೋತಿರಲಿಲ್ಲ, ಗೆಲುವುಗಳಲ್ಲಿ ಹೆಚ್ಚಿನವು ನಾಕೌಟ್. ಖಾನ್ 54 ಸೆಕೆಂಡಿನಲ್ಲಿ ಮಲಗಿದರು. ಮರುವರ್ಷವೇ ವಿಶ್ವ ಪಟ್ಟ ಗೆದ್ದು ಎದ್ದು ಬಂದರು ಅನ್ನೋದು ಬೇರೆ ಮಾತು.

ವಿಜೇಂದರ್ ವಿಷಯದಲ್ಲೂ ಹೀಗೇ ಆಯ್ತು. ಸತತ 12 ಗೆಲುವಿನ ನಂತರ 2021ರ ಮಾರ್ಚ್ 19ರಂದು ಗೋವಾದಲ್ಲಿ, ಕ್ಯಾಸಿನೋ ಹಡಗಿನ ಮೇಲೆ ಪಂದ್ಯ. ಎದುರಾಳಿ ರಷ್ಯಾದ ಆರ್ಟಿಶ್ ಲಾಪ್ಸನ್. ಅನುಭವ ಆರೇ ಪಂದ್ಯದ್ದು. ಕಾಗದದ ಮೇಲೆ ಸುಲಭ. ಆದರೆ ಎತ್ತರ ಆರೂಕಾಲು ಅಡಿಯಷ್ಟು, ವಯಸ್ಸು 26. ವಿಜೇಂದರ್‌ಗೆ 35, ರಿಂಗ್‌ಗೆ ಇಳಿದು 16 ತಿಂಗಳಾಗಿತ್ತು. ಐದನೇ ಸುತ್ತಿನಲ್ಲಿ ವಿಜೇಂದರ್ ಸೋತರು. ಎದುರಾಳಿಯ ಪಟ್ಟಿ ಓದಿದವರು ತಮ್ಮವರ ಪಟ್ಟಿಯನ್ನೇ ಸರಿಯಾಗಿ ಓದಿರಲಿಲ್ಲ ಅನ್ನಬೇಕು.

ಬಳ್ಳಾರಿ ಹುಡುಗರಿಗೆ ಇದರಿಂದ ಏನು?

ನಿಶಾಂತ್ ಹೋದ ದಾರಿಯಲ್ಲಿ ಹೋಗಬೇಕು ಅಂತ ಕನಸು ಕಾಣೋ ಹುಡುಗರು ಈ ಭಾಗದಲ್ಲೂ ಇದ್ದಾರೆ. ಅವರೂ ಅವರ ಮನೆಯವರೂ ತಿಳ್ಕೊಬೇಕಾದ ಮಾತು ಇದು. ನಿಶಾಂತ್‌ಗೆ ಸಿಕ್ಕಿದ್ದು ಪ್ರಮೋಟರ್‌ನ ಮೂಲೆ. ಒಲಿಂಪಿಕ್ಸ್ ಆಡಿದ್ದರಿಂದ, ವಿಶ್ವ ಪದಕ ಇದ್ದಿದ್ದರಿಂದ ಸಿಕ್ಕಿದ್ದು. ಆ ಬಂಡವಾಳ ಇಲ್ಲದೆ ವೃತ್ತಿಪರ ಬಾಕ್ಸಿಂಗ್‌ಗೆ ಹೋಗೋ ಹುಡುಗನಿಗೆ ಮೊದಲ ಫೋನ್ ಬರೋದು ಹೆಚ್ಚಾಗಿ ಇನ್ನೊಂದು ಮೂಲೆಗೆ. ‘ಒಳ್ಳೇ ಅವಕಾಶ, ದೊಡ್ಡ ವೇದಿಕೆ, ಈ ವಾರವೇ ಬರಬೇಕು’ ಅಂತ. ಆ ಅವಕಾಶ ಯಾರ ಸಲುವಾಗಿ ಸೃಷ್ಟಿ ಆಗಿದ್ದು ಅಂತ ಅವನಿಗೆ ಗೊತ್ತಾಗೋದು ರಿಂಗ್ ಹತ್ತಿದ ಮೇಲೆ.

ಅಲ್ಲಿ ಪ್ರಶ್ನೆ ಮಾನದ್ದು ಮಾತ್ರ ಅಲ್ಲ, ಜೀವದ್ದು. ನಿಶಾಂತ್ ಆಡಿದ ನೆವಾಡಾದಲ್ಲಿ ರಾಜ್ಯ ಸರ್ಕಾರದ ಅಥ್ಲೆಟಿಕ್ ಕಮಿಷನ್ ಇದೆ. ಅದು ಒಪ್ಪದೆ ಜೋಡಿ ಕಟ್ಟೋ ಹಾಗಿಲ್ಲ. ತೀರಾ ಅಸಮ ಅನ್ನಿಸಿದರೆ ಬೇಡ ಅನ್ನೋ ಅಧಿಕಾರ ಅದಕ್ಕಿದೆ. ನಮ್ಮ ದೇಶದಲ್ಲಿ ಖಾಸಗಿ ವೃತ್ತಿಪರ ಪಂದ್ಯಗಳಿಗೆ ಕಾನೂನಿನ ಬಲ ಇರೋ ಅಂಥ ಸರ್ಕಾರಿ ಆಯೋಗ ಇಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಏಟು ಬಿದ್ದು ಮೈಸೂರಿನ 23 ವರ್ಷದ ಯುವಕ ತೀರಿಹೋದ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಕುಟುಂಬದವರು ದೂರಿದ್ದರು. ಅದು ಬೇರೆ ಆಟ, ಅಲ್ಲಿ ಪ್ರಮೋಟರ್ ಲೆಕ್ಕದ ಮಾತೂ ಇಲ್ಲ. ಆದರೆ ರಿಂಗ್ ಹಾಕಿದವರನ್ನ ಮೊದಲೇ ಕೇಳೋರು ಇಲ್ಲದಿದ್ದರೆ ಏನಾಗಬಹುದು ಅಂತ ಈ ರಾಜ್ಯ ನೋಡಿದೆ.

ಹಾಗಾಗಿ ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕಡಿಮೆ ಏನಿಲ್ಲ. ಎದುರಾಳಿ ಯಾರು, ಎಷ್ಟು ಪಂದ್ಯ ಆಡಿದ್ದಾರೆ? ತೂಕ ಎಷ್ಟು, ಯಾವಾಗ ತೂಗ್ತಾರೆ? ಎಷ್ಟು ಸುತ್ತು? ಡಾಕ್ಟರ್, ಆಂಬುಲೆನ್ಸ್ ರಿಂಗ್ ಪಕ್ಕದಲ್ಲೇ ಇರುತ್ತಾ? ವಿಮೆ ಯಾರದ್ದು? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದವರ ಪಂದ್ಯಕ್ಕೆ ಹೋಗದಿದ್ದರೆ ನಷ್ಟ ಇಲ್ಲ. ಎದುರಾಳಿಯ ಹೆಸರು ಗೊತ್ತಾದ ಕೂಡಲೇ ಕೋಚ್ ಜೊತೆ ಕೂತು ಬಾಕ್ಸ್‌ರೆಕ್ ತೆಗೆದು ನೋಡೋಕೆ ಹತ್ತು ನಿಮಿಷ ಸಾಕು.

ನೋಡೋ ಜನರಿಗೂ ಇದೇ ಮಾತು. ನಿಶಾಂತ್ ಮುಂದೆ ಇನ್ನೂ ಎಷ್ಟೋ ಪಂದ್ಯ ಆಡಬೇಕು. ಗೆದ್ದಾಗ ಪಟಾಕಿ ಹೊಡೆಯೋಣ, ಬೇಡ ಅನ್ನೋರು ಯಾರು? ಆದರೆ ಪ್ರತಿ ಸಲ ಎದುರು ಮೂಲೆಯ ಹೆಸರನ್ನೂ ಓದೋಣ. ಹಿಂದಿನವರಿಗಿಂತ ಈ ಸಲದವರು ಒಂದು ಕೈ ಮೇಲಿದ್ದಾರಾ ಅಂತ ನೋಡೋಣ. ಮುಂದೊಂದು ದಿನ ಎದುರಾಳಿ ಇವರಷ್ಟೇ ಗಟ್ಟಿ ಇದ್ದು, ಪಂದ್ಯ ಕೊನೇ ಸುತ್ತಿನವರೆಗೆ ಎಳೆದು, ಅಂಕ ಹತ್ತಿರ ಹತ್ತಿರ ಬಂದರೆ ಬೇಸರ ಮಾಡಿಕೊಳ್ಳೋದು ಬೇಡ. ತೋರಣಗಲ್ಲಿನ ರಿಂಗ್‌ನಲ್ಲಿ ಚಿನ್ನ ಗೆದ್ದ ಹುಡುಗ ಎಷ್ಟು ದೂರ ಬಂದಿದ್ದಾರೆ ಅಂತ ಗೊತ್ತಾಗೋದು ಅವತ್ತು.